ಬರಕ್ಕೆ ಮೊದಲು ಬಾಡುವುದು ಬೇರಿನ ಬಳಗ

ಸೂಡಿ ಎಂದರೆ ಪ್ರವಾಸಿಗರಿಗೆ ಜೋಡುಕಳಸದ ಗುಡಿ, ನಾಗಕುಂಡ. ರೈತರಿಗೆ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಇಲ್ಲವೆ ಕಡಲೆ. ರೋಣ, ಗಜೇಂದ್ರಗಡದ ಸೀಮೆಯ ಲೆಕ್ಕವಿದು. ಮಳೆ ಕೈಕೊಟ್ಟರೆ ಎರೆ ಬಾಯಿ ಬಿಡುತ್ತದೆ, ಬೆಳೆ ಬಾಡುತ್ತದೆ. ಅದಕ್ಕೂ ಮೊದಲೇ ನೆಲದೊಳಗೆ ಇನ್ನೊಂದು ಸಂಸಾರ ಕೆಟ್ಟಿರುತ್ತದೆ.

ಹೂವಿಗೆ ಬಂದ ಹೆಸರಿನ ಗಿಡವೊಂದನ್ನು ಮಣ್ಣುಸಮೇತ ಮೆಲ್ಲಗೆ ಅಗೆದು ನೋಡಿ. ಬೇರಿಗಂಟಿದ ಪುಟ್ಟ ಗಂಟುಗಳು ಕಾಣುತ್ತವೆ. (ಪರೀಕ್ಷೆಯಲ್ಲಿ ಅವುಗಳ ಚಿತ್ರ ಬಿಡಿಸುವ ಮಕ್ಕಳು, ಶಾಲೆಯ ಹಿಂದೆಯೇ ಹೊಲವಿದ್ದರೂ, ನಿಜವಾದ ಗಂಟನ್ನು ಕಂಡಿರುವುದಿಲ್ಲ.) ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ ವಸ್ತುವೊಂದರ ಬಣ್ಣವದು. ಅಲ್ಲಿ ಮನೆಮಾಡಿದ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಉಣಿಸುತ್ತದೆ.

ಮಣ್ಣಿನ ಕಣಗಳ ನಡುವಿನ ತೆಳ್ಳನೆಯ ನೀರಿನ ಪೊರೆಯಲ್ಲಿ ಈಜಿ ಬ್ಯಾಕ್ಟೀರಿಯಾ ಬೇರು ಸೇರಬೇಕು. ತೇವ ಆರಿದರೆ ದಾರಿ ಮುಚ್ಚಿದಂತೆಯೇ. ಗಂಟು ಕಟ್ಟಿದ ಮೇಲೆ ಬರ ಬಂದರೆ ಒಳಕ್ಕೆ ಆಮ್ಲಜನಕ ಸಾಗುವುದು ತಗ್ಗುತ್ತದೆ. ಎಲೆ ಹಸಿರಾಗಿರುವಾಗಲೇ ಸಾರಜನಕದ ಕೆಲಸ ಕುಂಟುತ್ತದೆ. ಕೆಂಪು ಹೋಗಿ ಗಂಟು ಹಸಿರು, ಬೂದುಬಣ್ಣಕ್ಕೆ ತಿರುಗಿದರೆ ಅದರ ಆಯುಷ್ಯ ಮುಗಿಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬೆಳೆಹಾನಿಯನ್ನು ಬರೆದುಕೊಳ್ಳುವವರಿದ್ದಾರೆ. ಆದರೆ ಹೆಸರಿನ ಹಿಂದೆ ಬರುವ ಜೋಳಕ್ಕೆ ಸಿಗದೆಹೋದ ಸಾರಜನಕ ಯಾರ ಪಟ್ಟಿಗೂ ಸೇರದು. ನಿಜವಾದ ನಷ್ಟದಲ್ಲಿ ಅದೂ ಒಂದು ಪಾಲೆಂದೇ ನನ್ನೆಣಿಕೆ.

ಬರಕ್ಕೆ ಎಲ್ಲ ಜೀವಿಗಳೂ ಸೋಲುವುದಿಲ್ಲ. ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರದ ಎಳೆಗಳು, ಬೇರಿನ ರೋಮವೂ ನುಗ್ಗದ ಸಂದಿಗಳಿಂದ ನೀರು, ರಂಜಕ ತರುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಾ. ಡಿ.ಜೆ. ಭಾಗ್ಯರಾಜ್ ಇವುಗಳ ಅಧ್ಯಯನಕ್ಕೆ ದಶಕಗಳನ್ನೇ ಮೀಸಲಿಟ್ಟರು. ಆದರೆ ಈ ಶಿಲೀಂಧ್ರಕ್ಕೆ ಜೀವಂತ ಬೇರು ಬೇಕೇಬೇಕು. ಬಿತ್ತನೆಯಿಲ್ಲದೆ ಹೊಲ ಬಹುಕಾಲ ಬೀಳುಬಿದ್ದರೆ ಅದೂ ಸೊರಗುತ್ತದೆ. ನಮ್ಮ ಜೋಳದ ಕಥೆ ಕುತೂಹಲದ್ದು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಜೋಳಕ್ಕೆ ನೀರು ತಡೆದು ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಬರದಲ್ಲಿ ಬೇರಿನ ಸೂಕ್ಷ್ಮಜೀವಿಗಳ ಬಳಗವೇ ಬದಲಾಗಿ, ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾ ಮೇಲುಗೈ ಪಡೆದಿದ್ದವು. ನೀರು ಕೊಟ್ಟ ಮೇಲೆ ಹಳೆಯ ಬಳಗ ಮರಳಿತು.

ಬರದ ಮರುವರ್ಷ ಬೀಜಕ್ಕೆ ರೈಜೋಬಿಯಂ ಲೇಪಿಸಿ ಬಿತ್ತುವುದು ಒಳ್ಳೆಯದು. ಹೆಸರಿಗೂ ಕಡಲೆಗೂ ಬೇರೆಬೇರೆ ತಳಿಯ ಪೊಟ್ಟಣ. ಒಂದರದು ಇನ್ನೊಂದಕ್ಕೆ ಒಗ್ಗದು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಹಸಿ ಇರುವ ನೆಲಕ್ಕೆ ಕೂಡಲೆ ಬಿತ್ತಬೇಕು. ಪೊಟ್ಟಣವನ್ನು ತಗಡಿನ ಚಾವಣಿಯಡಿ ಬೇಸಿಗೆಯೆಲ್ಲ ಇಟ್ಟರೆ ಒಳಗೆ ಉಳಿಯುವುದು ಬರೀ ಪುಡಿ.