ಏಲಕ್ಕಿಯ ಕಾವಿಗೆ ಪುಟ್ಟ ಕಾವಲು



ಬೋಡಿನಾಯಕನೂರಿನ ಹರಾಜಿನಲ್ಲಿ ಏಲಕ್ಕಿಯ ಬೆಲೆಯನ್ನು ಮೊದಲು ನಿರ್ಧರಿಸುವುದು ಅದರ ಹಸಿರು ಬಣ್ಣ ಮತ್ತು ಗಾತ್ರ. ಗಾತ್ರವನ್ನು ತೋಟ ಕೊಡುತ್ತದೆ. ಬಣ್ಣವನ್ನು ಉಳಿಸುವುದೋ ಕೆಡಿಸುವುದೋ ಒಣಗಿಸುವ ಮನೆಯ ಒಂದು ರಾತ್ರಿ. ಬೋಡಿಮೆಟ್ಟಿನ ಆಚೆ ತೋಟವಿರುವ ನಮ್ಮ ಕುಟುಂಬಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಣಗುವ ಹೊತ್ತಿನ ಬಹುಪಾಲು ಕಾವು 45ರಿಂದ 50 ಡಿಗ್ರಿ ಸೆಲ್ಸಿಯಸ್‌ನ ಒಳಗೆ ನಿಲ್ಲಬೇಕು. ಮೀರಿದರೆ ಕಾಯಿ ಸೀಳುತ್ತದೆ, ಬಣ್ಣ ಮಾಸುತ್ತದೆ, ಪರಿಮಳದ ಎಣ್ಣೆಯೂ ಹಾರಿಹೋಗುತ್ತದೆ. ಬೆಂಕಿ ಇಳಿದರೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ.

ಇದನ್ನು ಕಾಯಲು ಯಾರಾದರೊಬ್ಬರು ಅಲ್ಲೇ ಮಲಗುವ ರೂಢಿಯಿದೆ. ಇದು ಆರೋಗ್ಯಕ್ಕೂ ಸಂಬಂಧಿಸಿದ ಮಾತು. ಹೊಗೆ ಕೊಳವೆ ಬಿರುಕು ಬಿಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕೋಣೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ. ಕಾವಲು ಒಳಗಿರಲಿ, ಮನುಷ್ಯ ಹೊರಗೆ ಮಲಗಲಿ ಎಂಬುದಕ್ಕೇ ಈ ಸಲ ಮೈಕ್ರೋಕಂಟ್ರೋಲರ್ ಬೋರ್ಡಿನ ವಿಷಯ ತೆಗೆದುಕೊಂಡಿದ್ದೇವೆ.

ಮೈಕ್ರೋಕಂಟ್ರೋಲರ್ ಎಂದರೇನು? ಉಗುರಿನಷ್ಟು ದೊಡ್ಡ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್. ಹೇಳಿಕೊಟ್ಟ ಒಂದೇ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ. ಕಲಿಯುವವರಿಗಾಗಿ ಇದನ್ನು ಒಂದು ಬೋರ್ಡಿನ ಮೇಲೆ ಕೂರಿಸಿ ಮಾರುತ್ತಾರೆ. 1985ರಲ್ಲೇ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 2010ರಲ್ಲಿ ಲಾಂಚ್‌ಪ್ಯಾಡ್ ಎಂಬ ಇಂಥ ಬೋರ್ಡನ್ನು 4.30 ಡಾಲರಿಗೆ ಹೊರತಂದಿತು. ಈಗಿನ ಮಾದರಿ ಅಷ್ಟು ಅಗ್ಗವಲ್ಲ. ಅದರ ಮೇಲಿನ ಎಂಎಸ್‌ಪಿ430 ಜಾತಿಯ ಚಿಪ್ಪು ವಿದ್ಯುತ್ತನ್ನು ಬಹಳ ಮಿತವಾಗಿ ಬಳಸುತ್ತದೆ. ಕರೆಂಟು ಹೋಗಿಬರುವ ಬೆಟ್ಟಕ್ಕೆ ಅದೇ ಮುಖ್ಯ.

ಬೋರ್ಡಿನಲ್ಲಿ ಎರಡು ಭಾಗಗಳಿವೆ. ಯುಎಸ್‌ಬಿ ತಂತಿ ಸಿಕ್ಕಿಸುವ ಭಾಗ ಕಂಪ್ಯೂಟರಿನಿಂದ ಪ್ರೋಗ್ರಾಂ ಇಳಿಸಿಕೊಳ್ಳಲು. ಚಿಪ್ಪು ಕೂತಿರುವ ಭಾಗ ನಿಜವಾದ ಕೆಲಸಗಾರ. ಪ್ರೋಗ್ರಾಂ ಬರೆಯುವ ಸಾಧನವನ್ನು ಕಂಪನಿಯೇ ಉಚಿತವಾಗಿ ಕೊಡುತ್ತದೆ. ಪಾಲಿಟೆಕ್ನಿಕ್ ಓದುವ ಮಗನೋ ಮಗಳೋ ಇದ್ದರೆ ಒಂದು ಭಾನುವಾರ ಜೊತೆಗೆ ಕೂರಿಸಿಕೊಳ್ಳಿ. ಮೊದಲ ಪಾಠ ಕೆಂಪು ದೀಪ ಮಿನುಗಿಸುವುದು. ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ವಾಚ್‌ಡಾಗ್ ಎಂಬ ಒಳಗಿನ ಕಾವಲನ್ನು ನಿಲ್ಲಿಸಬೇಕು. ಇಲ್ಲವಾದರೆ ಚಿಪ್ಪು ಕ್ಷಣಕ್ಕೊಮ್ಮೆ ಮೊದಲಿನಿಂದ ಶುರುಮಾಡುತ್ತಿರುತ್ತದೆ, ದೀಪ ಮಿನುಗುವುದೇ ಇಲ್ಲ. ಹೊಸಬರು ಬೋರ್ಡು ಕೆಟ್ಟಿದೆಯೆಂದು ಅಂಗಡಿಗೆ ಓಡುವುದು ಇಲ್ಲಿಯೇ.

ದೀಪ ಮಿನುಗಿತು, ಆದರೆ ಮಿತವ್ಯಯ ತಾನಾಗಿ ಬರುವುದಿಲ್ಲ. ಲೆಕ್ಕ ನೋಡಿ. ಎರಡು ಎಎ ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 3 ವೋಲ್ಟ್, ಸುಮಾರು 2000 ಮಿಲಿ ಆಂಪಿಯರ್ ಗಂಟೆಯ ದಾಸ್ತಾನು. 5 ಮಿಲಿ ಆಂಪಿಯರ್ ತಿನ್ನುವ ಒಂದು ದೀಪ ಸದಾ ಉರಿದರೆ 400 ಗಂಟೆ, ಅಂದರೆ 17 ದಿನವೂ ಪೂರ್ತಿ ಬಾರದು. ಎಚ್ಚರವಾಗಿರುವ ಚಿಪ್ಪು, ನಿಧಾನ ವೇಗದಲ್ಲಿ, ಒಂದು ಮಿಲಿ ಆಂಪಿಯರ್‌ನ ಮೂರನೇ ಒಂದು ಪಾಲು ಬಳಸುತ್ತದೆ. ನಿದ್ದೆ ಹೋದ ಚಿಪ್ಪು ಬಳಸುವುದು ಸಾವಿರದ ಒಂದು ಪಾಲಿನ ಆಸುಪಾಸು ಮಾತ್ರ. ನಿಮಿಷಕ್ಕೊಮ್ಮೆ ಕಣ್ಣು ತೆರೆದು, ಕಾವು ನೋಡಿ, ಮತ್ತೆ ಮಲಗಿದರೆ ಚಿಪ್ಪು ಖಾಲಿ ಮಾಡುವ ಮೊದಲೇ ಸೆಲ್ಲು ಮುದಿಯಾಗುತ್ತದೆ. ಎಬ್ಬಿಸುವ ಕೆಲಸಕ್ಕೆ ಚಿಪ್ಪಿನ ಒಳಗಿನ ನಿಧಾನ ಗಡಿಯಾರವೇ ಸಾಕು. ಅದು ಅಷ್ಟು ನಿಖರವಲ್ಲ. ಏಲಕ್ಕಿಗೆ ಕೆಲವು ಸೆಕೆಂಡು ಹಿಂದುಮುಂದಾದರೆ ನಷ್ಟವಿಲ್ಲ. ಬಳಸದ ಕಾಲುಗಳನ್ನು ಹಾಗೇ ತೇಲಲು ಬಿಡಬಾರದು, ಪ್ರೋಗ್ರಾಮಿನಲ್ಲಿ ಔಟ್‌ಪುಟ್ ಮಾಡಿ ಸೊನ್ನೆಯಲ್ಲಿಡಬೇಕು. ಇಲ್ಲದಿದ್ದರೆ ಅಲ್ಲಿಂದಲೂ ವಿದ್ಯುತ್ತು ಸೋರುತ್ತದೆ.

ಕಾವು ಅಳೆಯಲು ಥರ್ಮಿಸ್ಟರ್ ಸಾಕು. 25 ಡಿಗ್ರಿಯಲ್ಲಿ 10 ಸಾವಿರ ಓಮ್ ಇರುವ ಸಾಮಾನ್ಯ ಜಾತಿಯದು 50 ಡಿಗ್ರಿಗೆ ಸುಮಾರು 3,600 ಓಮ್‌ಗೆ ಇಳಿಯುತ್ತದೆ. 10 ಸಾವಿರ ಓಮ್‌ನ ಒಂದು ರೆಸಿಸ್ಟರನ್ನು ಮೇಲೆ, ಥರ್ಮಿಸ್ಟರನ್ನು ಕೆಳಗೆ ಇಟ್ಟು ನಡುವಿನ ವೋಲ್ಟೇಜನ್ನು ಚಿಪ್ಪಿಗೆ ಕೊಡಿ. ಸೊನ್ನೆಯಿಂದ 1023ರವರೆಗಿನ ಅಳತೆಯಲ್ಲಿ 25 ಡಿಗ್ರಿಗೆ 512ರ ಹತ್ತಿರ, 50 ಡಿಗ್ರಿಗೆ 270ರ ಹತ್ತಿರ ಬರುತ್ತದೆ. ಈ ಜೋಡಿಗೆ ವಿದ್ಯುತ್ತನ್ನು ಚಿಪ್ಪಿನ ಒಂದು ಕಾಲಿನಿಂದಲೇ, ಅಳೆಯುವ ಕ್ಷಣಕ್ಕೆ ಮಾತ್ರ ಕೊಟ್ಟರೆ ಉಳಿತಾಯ. ಅಳತೆ ಅನುಪಾತದ್ದಾದ್ದರಿಂದ ಸೆಲ್ಲು ಸ್ವಲ್ಪ ಇಳಿದರೂ ಲೆಕ್ಕ ತಪ್ಪುವುದಿಲ್ಲ. ಪುಸ್ತಕದ ಅಂಕಿಯನ್ನೇ ನಂಬಬೇಡಿ. ಥರ್ಮಿಸ್ಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿ ಇಳಿಸಿ, ಪಕ್ಕದಲ್ಲಿ ಲ್ಯಾಬಿನ ಥರ್ಮಾಮೀಟರ್ ಇಟ್ಟು, 45 ಮತ್ತು 50 ಡಿಗ್ರಿಗೆ ಬಂದ ಅಂಕಿ ಬರೆದುಕೊಳ್ಳಿ. (ಜ್ವರದ ಥರ್ಮಾಮೀಟರ್ ಬೇಡ, 42ಕ್ಕೇ ಅದರ ಓಟ ಮುಗಿಯುತ್ತದೆ.)

ಥರ್ಮಿಸ್ಟರ್ ಮಾತ್ರ ಒಳಗೆ, ಏಲಕ್ಕಿ ತಟ್ಟೆಯ ಪಕ್ಕ. ಉದ್ದ ತಂತಿ ಎಳೆದು ಬೋರ್ಡು, ಸೆಲ್ಲು, ಬಜರ್ ಎಲ್ಲವೂ ಮಲಗುವ ಜಾಗದಲ್ಲಿರಲಿ. ಕಾವು 50 ದಾಟಿದರೂ 40ಕ್ಕಿಂತ ಇಳಿದರೂ ಬಜರ್ ಕೂಗಬೇಕು. ಎರಡು ಮಿತಿ ಇಟ್ಟುದಕ್ಕೆ ಇನ್ನೊಂದು ಲಾಭ: ಇಲಿ ತಂತಿ ಕಡಿದರೆ ಅಂಕಿ 1023ಕ್ಕೆ ಏರಿ ಬಹಳ ತಂಪೆಂದು ಕೂಗುತ್ತದೆ, ತಂತಿಗಳು ಒಂದಕ್ಕೊಂದು ತಗುಲಿದರೆ ಸೊನ್ನೆಗಿಳಿದು ಬಹಳ ಬಿಸಿಯೆಂದು ಕೂಗುತ್ತದೆ. ಕೆಟ್ಟ ಕಾವಲು ಸುಮ್ಮನಿರುವುದಿಲ್ಲ. ಕೊನೆಯ ಒಂದು ಗಂಟೆ ಕಾವನ್ನು 60ಕ್ಕೆ ಏರಿಸುವವರು ಬೋರ್ಡಿನ ಗುಂಡಿ ಒತ್ತಿದಾಗ ಮಿತಿ ಬದಲಾಗುವಂತೆ ಬರೆದುಕೊಳ್ಳಲಿ.

ಬಜರನ್ನು ನೇರವಾಗಿ ಚಿಪ್ಪಿನ ಕಾಲಿಗೆ ಕಟ್ಟಬೇಡಿ, ಅಷ್ಟು ಭಾರವನ್ನು ಅದು ಹೊರದು. ನಡುವೆ ಚಿಕ್ಕ ಟ್ರಾನ್ಸಿಸ್ಟರ್ ಇರಲಿ. 230 ವೋಲ್ಟಿನ ಫ್ಯಾನಿನ ತಂತಿಗೆ ಈ ಬೋರ್ಡನ್ನು ಜೋಡಿಸುವ ಸಾಹಸ ಖಂಡಿತ ಬೇಡ. ಪರೀಕ್ಷೆ ಮುಗಿದ ಮೇಲೆ ಎರಡು ಭಾಗಗಳ ನಡುವಿನ ಮತ್ತು ದೀಪಗಳ ಜಂಪರುಗಳನ್ನು ಕಿತ್ತು, ಚಿಪ್ಪಿನ ಭಾಗಕ್ಕೆ ಮಾತ್ರ ಸೆಲ್ಲು ಕೊಡಿ. ಕೊಯ್ಲಿನ ಕಾಲ ಮುಗಿದೊಡನೆ ಸೆಲ್ಲುಗಳನ್ನು ಹೊರತೆಗೆದಿಡಿ. ಹಾಗೇ ಬಿಟ್ಟ ಸೆಲ್ಲು ಸೋರಿ ಬೋರ್ಡಿನ ತಾಮ್ರವನ್ನು ತಿನ್ನುತ್ತದೆ.