ಎಸೆಯುವ ಸಿಪ್ಪೆಯಲ್ಲಿ ಔಷಧ

ವೈಶಾಖ ಬಂದಿತೆಂದರೆ ಅರಕಲಗೂಡಿನ ಸಂತೆಯಲ್ಲಿ ಮಾವು, ಹಲಸುಗಳ ರಾಶಿ. ಬಸವ ಜಯಂತಿಯ ದಾಸೋಹದ ಮರುದಿನ ಪಾಕಶಾಲೆಯ ಹಿಂಬದಿಯಲ್ಲಿ ಸಿಪ್ಪೆ, ವಾಟೆಗಳ ಗುಡ್ಡೆಯನ್ನು ಕಂಡಾಗಲೆಲ್ಲ ನಮ್ಮ ಮನಸ್ಸು ಕಸಿವಿಸಿಗೊಳ್ಳುತ್ತದೆ. ಪ್ರಸಾದದ ಒಂದಗುಳನ್ನೂ ಚೆಲ್ಲದ ಸದ್ಭಕ್ತರು ಇವನ್ನು ಮಾತ್ರ ಯೋಚಿಸದೆ ತಿಪ್ಪೆಗೆ ಹಾಕುತ್ತಾರೆ. ಪೂರ್ವದ ಆಚಾರ್ಯರು ಹಾಗೆ ಎಸೆದವರಲ್ಲ.

ಸ್ತ್ರೀಯರ ಅತಿರಕ್ತಸ್ರಾವಕ್ಕೆ ಚರಕಸಂಹಿತೆಯ ಚಿಕಿತ್ಸಾಸ್ಥಾನವು ಪುಷ್ಯಾನುಗ ಚೂರ್ಣವನ್ನು ವಿಧಿಸಿದೆ. ಅದರ ದ್ರವ್ಯಗಳಲ್ಲಿ ನೇರಳೆ ಬೀಜದ ತಿರುಳೂ ಮಾವಿನ ವಾಟೆಯ ತಿರುಳೂ ಸೇರಿವೆ. ಜೇನುತುಪ್ಪದಲ್ಲಿ ಕಲಸಿ, ಅಕ್ಕಿ ತೊಳೆದ ನೀರಿನೊಡನೆ ಸೇವಿಸಬೇಕು. (ಅಕ್ಕಚ್ಚೂ ನಾವು ಚೆಲ್ಲುವ ವಸ್ತುವೇ ಅಲ್ಲವೆ!) ಶಾಸ್ತ್ರವು ಇವುಗಳನ್ನು ಕಷಾಯರಸ, ಸ್ತಂಭನಗುಣ ಎಂದಿತು, ಇಂದಿನವರು ಟ್ಯಾನಿನ್ ಎನ್ನುತ್ತಾರೆ. ನಾಲಗೆಯನ್ನು ಒಗರಿನಿಂದ ಬಿಗಿಹಿಡಿಸುವ ಅಂಶ ಅದೇ.

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಸಿಪ್ಪೆಗಳ ಬೆನ್ನು ಹತ್ತಿದ್ದಾರೆ. 2002ರಲ್ಲಿ ಪ್ರಕಟವಾದ ಅವರ ಪ್ರಯೋಗವೊಂದರಲ್ಲಿ ದಾಳಿಂಬೆ ಸಿಪ್ಪೆಯ ಸಾರವನ್ನು ಮೊದಲೇ ಕೊಟ್ಟಿದ್ದ ಇಲಿಗಳ ಯಕೃತ್ತು ವಿಷದ್ರವ್ಯದ ಹಾನಿಯಿಂದ ಬಹುಮಟ್ಟಿಗೆ ಪಾರಾಯಿತು. 2008ರಲ್ಲಿ ಅಲ್ಲಿನವರೇ ಮಾವಿನ ಸಿಪ್ಪೆಯ ಪುಡಿಯನ್ನು ಬಿಸ್ಕತ್ತಿನ ಹಿಟ್ಟಿಗೆ ಬೆರೆಸಿದರು, ಶೇ. 10ರವರೆಗೆ ಬೆರೆಸಿದಾಗ ಮಾವಿನ ಪರಿಮಳದೊಡನೆ ರುಚಿಯೂ ಒಪ್ಪಿತವಾಯಿತು, ನಾರಿನಂಶವೂ ಹೆಚ್ಚಿತು. ದಾಳಿಂಬೆ ಸಿಪ್ಪೆಯಲ್ಲಿ ಪ್ಯೂನಿಕ್ಯಾಲಜಿನ್, ಮಾವಿನ ಸಿಪ್ಪೆಯಲ್ಲಿ ಮ್ಯಾಂಜಿಫೆರಿನ್ ಎಂಬ ಅಂಶಗಳು ದೊರೆತಿವೆ.

ಆದರೆ ಗಮನಿಸಿ: ಆ ದಾಳಿಂಬೆಯ ಸಾರವನ್ನು ತೆಗೆದದ್ದು ಮೆಥನಾಲಿನಿಂದ, ಅಳೆದು ಕೊಟ್ಟದ್ದು ಇಲಿಗಳಿಗೆ. ನಮ್ಮ ಅಡುಗೆಮನೆಯ ಕಷಾಯ ಅದಲ್ಲ. ಈ ಮಾತನ್ನು ನಾವು ತಡವಾಗಿ ಕಲಿತೆವು.

ಕಳೆದ ಆಷಾಢದಲ್ಲಿ ಹೊಳೆಯಾಚೆಯ ಗ್ರಾಮದ ಹಿರಿಯ ಭಕ್ತರೊಬ್ಬರನ್ನು ಅವರ ಮಗ ಕರೆತಂದನು. ಹನ್ನೆರಡು ವರ್ಷಗಳ ಮಧುಮೇಹ. ನೇರಳೆ ಬೀಜದ ಪುಡಿ ಮಧುಮೇಹಕ್ಕೆ ಶ್ರೇಷ್ಠವೆಂದು ನಾವೇ ಸಭೆಯೊಂದರಲ್ಲಿ ಹೇಳಿದ್ದನ್ನು ಕೇಳಿ, ಮಾತ್ರೆಗಳನ್ನು ಬಿಟ್ಟು ಎರಡು ತಿಂಗಳು ಪುಡಿಯೊಂದನ್ನೇ ಸೇವಿಸಿದ್ದರು. ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. "ನೀವೇ ಹೇಳಿದ್ರಲ್ಲ ಡಾಕ್ಟ್ರೇ" ಎಂದರು, ದೂರುವ ದನಿಯಲ್ಲಿ ಅಲ್ಲ. ಕೂಡಲೇ ಹಾಸನದ ಆಸ್ಪತ್ರೆಗೆ ಕಳುಹಿಸಿದೆವು. ಬೆರಳು ಹೋಯಿತು, ಕಾಲು ಉಳಿಯಿತು. ಬೀಜದ ಗುಣವನ್ನು ಹೇಳಿದ ನಾವು ಅದರ ಮಿತಿಯನ್ನು ಹೇಳಿರಲಿಲ್ಲ. ಈಗ ಅವರು ಮಾತ್ರೆಗಳ ಜೊತೆಯಲ್ಲಿಯೇ ದಿನಕ್ಕೆ 3 ಗ್ರಾಂ ಪುಡಿಯನ್ನು ಸೇವಿಸುತ್ತಾರೆ; ಎರಡೂ ಸೇರಿ ಸಕ್ಕರೆ ತೀರ ಇಳಿಯಬಾರದೆಂದು ಆಗಾಗ ರಕ್ತಪರೀಕ್ಷೆ ಮಾಡಿಸುತ್ತೇವೆ.

ವಾಟೆಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. 2001ರಲ್ಲಿ ಒಡಿಶಾದ ಕಾಶೀಪುರದಲ್ಲಿ, ಹಸಿವಿಗೆಂದು ಕೂಡಿಟ್ಟಿದ್ದ ಮಾವಿನ ವಾಟೆಯ ಗಂಜಿಯನ್ನುಂಡು ಹಲವರು ಪ್ರಾಣ ಕಳೆದುಕೊಂಡರು. ವಾಟೆಗೆ ಬೂಷ್ಟು ಹಿಡಿದಿತ್ತೆಂದು ವರದಿಯಾಯಿತು. ಮಳೆಗಾಲದಲ್ಲಿ ಒಣಗಿಸಲು ಹೊರಟವರು ಇದನ್ನು ನೆನಪಿಡಬೇಕು.

ಮನೆಯಲ್ಲಿ ಧೈರ್ಯವಾಗಿ ಬಳಸಬಹುದಾದದ್ದು ದಾಳಿಂಬೆ ಸಿಪ್ಪೆ. ಹಣ್ಣನ್ನು ಬಿಡಿಸುವ ಮೊದಲೇ ಚೆನ್ನಾಗಿ ತೊಳೆಯಿರಿ, ಸಿಂಪಡಿಸಿದ ಔಷಧವೆಲ್ಲ ಸಿಪ್ಪೆಯ ಮೇಲೆಯೇ ಇರುತ್ತದೆ. ನೆರಳಿನಲ್ಲಿ, ಮುರಿದರೆ ಟಕ್ಕೆನ್ನುವಷ್ಟು ಒಣಗಿಸಿ, ಗಾಜಿನ ಡಬ್ಬಿಯಲ್ಲಿಡಿ. ಸಾಮಾನ್ಯ ಅತಿಸಾರಕ್ಕೆ ದೊಡ್ಡವರಿಗೆ 5 ಗ್ರಾಂ ತರಿಪುಡಿಯನ್ನು ಹದಿನಾರು ಪಾಲು ನೀರಿನಲ್ಲಿ ಕಾಯಿಸಿ, ಎಂಟನೆಯ ಒಂದು ಪಾಲಿಗೆ ಇಳಿಸಿ, ಸೋಸಿ, ಜೇನು ಬೆರೆಸಿ ಕೊಡಬೇಕು. ಉಪ್ಪು-ಸಕ್ಕರೆಯ ನೀರನ್ನು ನಿಲ್ಲಿಸಬಾರದು. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ಈ ಕಷಾಯ ಬೇಡ, ವೈದ್ಯರನ್ನು ಕಾಣಿರಿ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಬೇಡ. ಮಲಬದ್ಧತೆಯುಳ್ಳವರು ಇದರ ಹತ್ತಿರವೂ ಸುಳಿಯಬಾರದು. ದಾಳಿಂಬೆಯ ಬೇರಿನ ತೊಗಟೆಯಂತೂ ಬೇರೆಯೇ ವಸ್ತು. ಹುಳುವಿನ ಔಷಧವೆಂದು ಯಾರು ಹೇಳಿದರೂ ಮನೆಯಲ್ಲಿ ಕಾಯಿಸಬೇಡಿರಿ.

ಮುಂದಿನ ದಾಸೋಹದಲ್ಲಿ ದಾಳಿಂಬೆ ಸಿಪ್ಪೆಗೆಂದು ಒಂದು ಬುಟ್ಟಿಯನ್ನು ಬೇರೆಯಾಗಿ ಇಡಿಸಬೇಕೆಂದು ಪಾಕಶಾಲೆಯವರಲ್ಲಿ ಕೇಳಿಕೊಂಡಿದ್ದೇವೆ. ತೊಳೆದು ಒಣಗಿಸುವ ಕಾಯಕಕ್ಕೆ ಇಬ್ಬರು ಮೂವರು ತಾಯಂದಿರು ಕೈಜೋಡಿಸಿದರೆ ಸಾಕು.