ಹೆಸರಿನ ಹಕ್ಕು: ವಿಶ್ವಸಂಸ್ಥೆಯೂ ಒಂದು ಆಟವೂ

ಹೆಸರು ಯಾರ ಸೊತ್ತು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಒಂದೇ ತರಗತಿಯಲ್ಲಿ ಮೂವರು ಗಣೇಶರಿದ್ದರೂ ಅವರಲ್ಲಿ ಯಾರೂ ಹೆಸರಿಗಾಗಿ ಜಗಳವಾಡುವುದಿಲ್ಲ. ವ್ಯಾಪಾರದ ಮಾತು ಮಾತ್ರ ಬೇರೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಬೀಡಿ ಕಟ್ಟುವವರಿದ್ದಾರೆ. ಒಬ್ಬ ಮಾಲಿಕನ ಲೇಬಲನ್ನು ಇನ್ನೊಬ್ಬನು ಗುಟ್ಟಾಗಿ ಅಚ್ಚು ಹಾಕಿಸಿ ತನ್ನ ಬೀಡಿಕಟ್ಟಿಗೆ ಅಂಟಿಸಿದರೆ ಅದು ಮೋಸವೆಂದು ಚಿಕ್ಕ ಮಕ್ಕಳೂ ಹೇಳಬಲ್ಲರು. ಕೊಳ್ಳುವವನು ಲೇಬಲನ್ನು ನೋಡಿ ನಂಬುತ್ತಾನೆ. ಆ ನಂಬಿಕೆಯನ್ನು ಕದಿಯಬಾರದೆಂಬುದೇ ಟ್ರೇಡ್ ಮಾರ್ಕ್ ಕಾನೂನಿನ ತಿರುಳು.

ಆದರೆ ವ್ಯಾಪಾರಕ್ಕಾಗಿ ಹುಟ್ಟದ, ಜಗತ್ತಿನ ರಾಷ್ಟ್ರಗಳು ಕೂಡಿ ಕಟ್ಟಿದ ಒಂದು ಸಂಸ್ಥೆಯು ತನ್ನ ಹೆಸರು ಒಂದು ಆಟದೊಳಗೆ ಬಂದುದಕ್ಕೆ ಆಕ್ಷೇಪವೆತ್ತಿದರೆ ಏನೆನ್ನಬೇಕು? 2008ರಲ್ಲಿ ಹಾಗೆಯೇ ನಡೆಯಿತು. ಆಕ್ಷೇಪವೆತ್ತಿದ್ದು ವಿಶ್ವಸಂಸ್ಥೆ. ಆಟದ ಹೆಸರು 'ನೇಶನ್‌ಸ್ಟೇಟ್ಸ್', ಎಂದರೆ ರಾಷ್ಟ್ರ-ರಾಜ್ಯಗಳು.

ಈ ಆಟವನ್ನು ರಚಿಸಿದವರು ಆಸ್ಟ್ರೇಲಿಯದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ. 2003ರಲ್ಲಿ ಪ್ರಕಟವಾದ ತಮ್ಮ 'ಜೆನ್ನಿಫರ್ ಗವರ್ನಮೆಂಟ್' ಎಂಬ ಕಾದಂಬರಿಗೆ ಪ್ರಚಾರ ಸಿಗಲೆಂದು ಅವರು 2002ರ ನವೆಂಬರಿನಲ್ಲಿ ಇದನ್ನು ಅಂತರ್ಜಾಲದಲ್ಲಿ ತೆರೆದರು. ಆ ಕಾದಂಬರಿಯ ಲೋಕದಲ್ಲಿ ದೊಡ್ಡ ಕಂಪೆನಿಗಳದ್ದೇ ಪಾರುಪತ್ಯ. ಜನರು ತಾವು ದುಡಿಯುವ ಕಂಪೆನಿಯ ಹೆಸರನ್ನೇ ಮನೆತನದ ಹೆಸರಿನಂತೆ ಇಟ್ಟುಕೊಂಡಿರುತ್ತಾರೆ. ಹೆಸರುಗಳ ಬಲವನ್ನು ಹೀಗೆ ಕಥೆಯಲ್ಲಿ ಪರಿಹಾಸ್ಯ ಮಾಡಿದ ಲೇಖಕರೇ ಮುಂದೆ ಒಂದು ಹೆಸರಿನ ತಕರಾರಿನಲ್ಲಿ ಸಿಕ್ಕಿಕೊಂಡರು.

ಆಟದ ಕ್ರಮ ಸರಳವಾದುದು. ಆಡುವವನು ಒಂದು ಕಲ್ಪಿತ ದೇಶವನ್ನು ಸ್ಥಾಪಿಸಿ, ಅದಕ್ಕೆ ಹೆಸರು, ಧ್ಯೇಯವಾಕ್ಯ, ನಾಣ್ಯ, ರಾಷ್ಟ್ರಪ್ರಾಣಿಗಳನ್ನು ಗೊತ್ತುಮಾಡುತ್ತಾನೆ. ಬಳಿಕ ಅವನ ಸರಕಾರದ ಮುಂದೆ ಒಂದೊಂದಾಗಿ ಸಮಸ್ಯೆಗಳು ಬರುತ್ತವೆ. ಅವನು ಕೊಟ್ಟ ತೀರ್ಮಾನಕ್ಕೆ ತಕ್ಕಂತೆ ಆ ದೇಶದ ನಾಗರಿಕ ಸ್ವಾತಂತ್ರ್ಯ, ಆರ್ಥಿಕ ಸ್ಥಿತಿ, ರಾಜಕೀಯ ಹಕ್ಕುಗಳು ಏರುತ್ತವೆ ಅಥವಾ ಇಳಿಯುತ್ತವೆ. ಆಟಕ್ಕೆ ಶುಲ್ಕವಿರಲಿಲ್ಲ. ಇಂತಹ ಕಲ್ಪಿತ ದೇಶಗಳು ಒಟ್ಟಾಗಿ ಚರ್ಚಿಸಿ, ನಿರ್ಣಯ ಮಂಡಿಸಿ, ಮತ ಹಾಕುವುದಕ್ಕಾಗಿ ಆಟದೊಳಗೆ ಒಂದು ಸಭೆಯಿತ್ತು. ಸೇರುವುದು ಐಚ್ಛಿಕ, ಆದರೆ ಸೇರಿದ ಮೇಲೆ ಅಂಗೀಕೃತ ನಿರ್ಣಯವನ್ನು ಎಲ್ಲ ಸದಸ್ಯರೂ ಒಪ್ಪಲೇಬೇಕು. ಈ ಸಭೆಗೆ 'ಯುನೈಟೆಡ್ ನೇಶನ್ಸ್' ಎಂದೇ ಹೆಸರಿಟ್ಟಿದ್ದರು. ವಿಶ್ವಸಂಸ್ಥೆಯ ಲಾಂಛನವೂ ಅಲ್ಲಿತ್ತು.

ಸುಮಾರು ಐದು ವರ್ಷ ಹೀಗೆಯೇ ಸಾಗಿತು. 2008ರ ಜನವರಿ 21ರ ದಿನಾಂಕವಿದ್ದ ಒಂದು ಪತ್ರ ಬ್ಯಾರಿಯವರಿಗೆ ಬಂದಿತು. ಅನುಮತಿಯಿಲ್ಲದೆ ವಿಶ್ವಸಂಸ್ಥೆಯ ಹೆಸರನ್ನೂ ಲಾಂಛನವನ್ನೂ ಬಳಸುತ್ತಿರುವುದನ್ನು ನಿಲ್ಲಿಸಬೇಕೆಂಬುದು ಅದರ ಸಾರಾಂಶ. ಬ್ಯಾರಿಯವರು ವಾದಕ್ಕೆ ನಿಲ್ಲದೆ ಒಪ್ಪಿದರು. ಆಟದೊಳಗಿನ ಸಭೆಗೆ 'ವರ್ಲ್ಡ್ ಅಸೆಂಬ್ಲಿ', ಅಂದರೆ ವಿಶ್ವಸಭೆ, ಎಂಬ ಹೊಸ ಹೆಸರು ಬಂದಿತು. ಈ ಬದಲಾವಣೆಯನ್ನು ಅವರು ಸಾರಿದ್ದು ಏಪ್ರಿಲ್ 1ರಂದು! ಮೂರ್ಖರ ದಿನದ ತಮಾಷೆಯೆಂದು ಅನೇಕ ಆಟಗಾರರು ನಕ್ಕುಬಿಟ್ಟರಂತೆ. ಆದರೆ ಪತ್ರವೂ ನಿಜ, ಬದಲಾವಣೆಯೂ ನಿಜ.

ಇಷ್ಟು ದೊಡ್ಡ ಸಂಸ್ಥೆಗೆ ಇಷ್ಟು ಸಣ್ಣ ಆಟದ ಮೇಲೇಕೆ ಕಣ್ಣು ಎಂದು ವಿದ್ಯಾರ್ಥಿಗಳು ಕೇಳಬಹುದು. ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

'ಯುನೈಟೆಡ್ ನೇಶನ್ಸ್' ಎಂಬ ಮಾತು ಎರಡನೆಯ ಮಹಾಯುದ್ಧದ ನಡುವೆ ಬಳಕೆಗೆ ಬಂದುದು. 1942ರ ಜನವರಿ 1ರಂದು 26 ರಾಷ್ಟ್ರಗಳು ಈ ಹೆಸರಿನಲ್ಲಿ ಒಂದು ಘೋಷಣೆಗೆ ಸಹಿ ಹಾಕಿದವು. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸನ್ನದಿಗೆ ಸಹಿಯಾಯಿತು. ಅಂದು ಭಾರತದ ಪರವಾಗಿ ಸಹಿ ಮಾಡಿದವರು ಸರ್ ಎ. ರಾಮಸ್ವಾಮಿ ಮೊದಲಿಯಾರರು. ಮರುವರ್ಷ ಮೈಸೂರಿನ ದಿವಾನರಾಗಿ ಬಂದವರೂ ಇವರೇ. ಅದೇ 1945ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು.

ಲಾಂಛನವನ್ನೂ ಹಾಗೆಯೇ ಯೋಚಿಸಿ ರೂಪಿಸಿದರು. ಉತ್ತರಧ್ರುವವನ್ನು ನಡುವಿಟ್ಟು ಬರೆದ ಭೂಪಟ, ಅದರ ಎರಡು ಬದಿಗೆ ಶಾಂತಿಯ ಸಂಕೇತವಾದ ಆಲಿವ್ ರೆಂಬೆಗಳು. ಸಮ್ಮೇಳನದ ಬಿಲ್ಲೆಯಲ್ಲಿದ್ದ ಮೊದಲ ಚಿತ್ರದಲ್ಲಿ ಉತ್ತರ ಅಮೆರಿಕವು ಎದ್ದುಕಾಣುವ ಸ್ಥಾನದಲ್ಲಿತ್ತು. ಅನಂತರ ಭೂಪಟವನ್ನು ತಿರುಗಿಸಿ ಆ ಪ್ರಾಧಾನ್ಯವನ್ನು ತಪ್ಪಿಸಿದರು. 1946ರ ಡಿಸೆಂಬರ್ 7ರಂದು ಮಹಾಸಭೆಯು ಈ ಲಾಂಛನವನ್ನು ಅಂಗೀಕರಿಸಿತು. ಅದೇ ನಿರ್ಣಯದಲ್ಲಿ ಇನ್ನೊಂದು ಮಾತೂ ಇತ್ತು: ಮಹಾಕಾರ್ಯದರ್ಶಿಯ ಅನುಮತಿಯಿಲ್ಲದೆ ಸಂಸ್ಥೆಯ ಹೆಸರು, ಅದರ ಹ್ರಸ್ವರೂಪ, ಲಾಂಛನ, ಮುದ್ರೆ ಇವುಗಳನ್ನು ಯಾರೂ ಬಳಸದಂತೆ ಸದಸ್ಯರಾಷ್ಟ್ರಗಳು ಕಾನೂನು ಮಾಡಬೇಕು, ವಿಶೇಷವಾಗಿ ವ್ಯಾಪಾರಕ್ಕಾಗಿ ಬಳಸುವುದನ್ನು ತಡೆಯಬೇಕು.

ನಮ್ಮ ದೇಶವು ಈ ಕೆಲಸವನ್ನು ಬೇಗನೆ ಮಾಡಿತು. 1950ರಲ್ಲಿ, ಲಾಂಛನಗಳನ್ನೂ ಹೆಸರುಗಳನ್ನೂ ಅನುಚಿತವಾಗಿ ಬಳಸುವುದನ್ನು ತಡೆಯುವ ಕಾಯಿದೆ ಬಂದಿತು. ಇವನ್ನು ವ್ಯಾಪಾರಕ್ಕೆ, ವೃತ್ತಿಗೆ ಅಥವಾ ಟ್ರೇಡ್ ಮಾರ್ಕಿಗೆ ಬಳಸಬಾರದೆಂದು ಹೇಳುವ ಅದರ ಪಟ್ಟಿಯಲ್ಲಿ ಮೊದಲನೆಯದೇ ವಿಶ್ವಸಂಸ್ಥೆಯ ಹೆಸರು, ಲಾಂಛನ ಮತ್ತು ಮುದ್ರೆ. ನಮ್ಮ ರಾಷ್ಟ್ರಧ್ವಜದ ಉಲ್ಲೇಖ ಅದರ ಬಳಿಕ ಬರುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ 1883ರ ಪ್ಯಾರಿಸ್ ಒಪ್ಪಂದವಿದೆ. ರಾಷ್ಟ್ರಗಳ ಧ್ವಜ, ಲಾಂಛನಗಳಿಗೆ ಅದರಲ್ಲಿ ದೊರೆತಿದ್ದ ರಕ್ಷಣೆಯನ್ನು 1958ರಲ್ಲಿ ಲಿಸ್ಬನ್ ನಗರದಲ್ಲಿ ಸರಕಾರಗಳು ಸೇರಿ ಕಟ್ಟಿದ ಸಂಸ್ಥೆಗಳಿಗೂ ವಿಸ್ತರಿಸಿದರು. ಆದುದರಿಂದ ವಿಶ್ವಸಂಸ್ಥೆಯ ಹಕ್ಕನ್ನು ಟ್ರೇಡ್ ಮಾರ್ಕ್ ಎಂದು ವಾಡಿಕೆಯಲ್ಲಿ ಹೇಳಿದರೂ ಅದು ಬೀಡಿಯ ಲೇಬಲಿನಂತಹುದಲ್ಲ. ಸರಕಾರದ ಮುದ್ರೆಯ ಜಾತಿಗೆ ಸೇರಿದುದು.

ಮುದ್ರೆಗೆ ಕಾವಲು ಏಕೆ ಬೇಕೆಂಬುದು ಯುದ್ಧಭೂಮಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಿಳಿಯ ಬಣ್ಣದ ವಾಹನದ ಮೇಲಿನ ಎರಡು ಅಕ್ಷರಗಳನ್ನು ನೋಡಿ ಎರಡೂ ಕಡೆಯವರು ದಾರಿ ಬಿಡಬೇಕಾದರೆ, ಆ ಅಕ್ಷರಗಳು ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಇರಬೇಕು. ನಮ್ಮ ಮನೆಗಳಿಗೆ ಹತ್ತಿರವಾದ ಉದಾಹರಣೆಯೂ ಇದೆ. ವಿಶ್ವಸಂಸ್ಥೆಯಲ್ಲಿ ಕೆಲಸ ಕೊಡಿಸುತ್ತೇವೆ, ಇಷ್ಟು ಹಣ ಕಟ್ಟಿರಿ ಎಂದು ಲಾಂಛನ ಹಾಕಿದ ಸುಳ್ಳು ಪತ್ರಗಳನ್ನು ವಂಚಕರು ಕಳುಹಿಸುವುದುಂಟು. ನೇಮಕಾತಿಯ ಯಾವ ಹಂತದಲ್ಲೂ ತಾನು ಶುಲ್ಕ ಕೇಳುವುದಿಲ್ಲವೆಂದು ವಿಶ್ವಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ. ಪರದೇಶದ ಕೆಲಸವನ್ನು ನಂಬಿ ಬದುಕುವ ಸಂಸಾರಗಳು ನಮ್ಮ ನಡುವೆ ಎಷ್ಟಿವೆಯೆಂಬುದನ್ನು ಬಲ್ಲ ನಮಗೆ ಇದು ಸಣ್ಣ ಮಾತಲ್ಲ. ವಿದ್ಯಾರ್ಥಿಗಳು ಮನೆಯಲ್ಲಿ ಇದನ್ನು ಹೇಳಬೇಕು.

ಹಾಗಾದರೆ ಆಟ ಕಟ್ಟಿದವರದು ತಪ್ಪೇ? ಇನ್ನೊಂದು ಪಕ್ಷವನ್ನೂ ಕೇಳುವುದು ನ್ಯಾಯ. ಕಲ್ಪಿತ ದೇಶಗಳ ಆ ಸಭೆಯನ್ನು ನಿಜವಾದ ವಿಶ್ವಸಂಸ್ಥೆಯೆಂದು ನಂಬಿ ಯಾರೂ ಮೋಸಹೋಗುವಂತಿರಲಿಲ್ಲ. ಜನರಲ್ಲಿ ತಪ್ಪು ಭಾವನೆ ಹುಟ್ಟಿಸದ ಬಳಕೆಯನ್ನು ತಡೆಯಲೇಬೇಕೆಂದು ಪ್ಯಾರಿಸ್ ಒಪ್ಪಂದವು ರಾಷ್ಟ್ರಗಳನ್ನು ಕಟ್ಟಿಹಾಕುವುದೂ ಇಲ್ಲ. ಸಾರ್ವಜನಿಕ ಸಂಸ್ಥೆಗಳನ್ನು ಕಥೆಯಲ್ಲಿ, ನಾಟಕದಲ್ಲಿ, ಹಾಸ್ಯದಲ್ಲಿ ಹೆಸರಿಸುವ ಸ್ವಾತಂತ್ರ್ಯ ಲೇಖಕರಿಗೆ ಇರಲೇಬೇಕು. ಅದಿಲ್ಲದಿದ್ದರೆ ಟೀಕೆಯೇ ಸಾಧ್ಯವಿಲ್ಲ. ಆದರೆ ಮತ್ತೊಂದು ದೃಷ್ಟಿಯಿಂದ, ಈ ಆಟವು ಒಂದು ಪುಸ್ತಕದ ಮಾರಾಟಕ್ಕೆ ನೆರವಾಗಲೆಂದು ಹುಟ್ಟಿದ್ದು. ಅಲ್ಲಿ ಹೆಸರಿನೊಂದಿಗೆ ಲಾಂಛನವೂ ಇತ್ತು. ಬ್ಯಾರಿಯವರು ಒಪ್ಪಿದುದರಿಂದ ವಿಷಯವು ನ್ಯಾಯಾಲಯದ ಮೆಟ್ಟಿಲು ಹತ್ತಲಿಲ್ಲ. ಯಾವ ನ್ಯಾಯಾಧೀಶರೂ ಗೆರೆ ಎಳೆದು ತೋರಿಸಲಿಲ್ಲ.

ಇಂತಹುದೇ ಇನ್ನೊಂದು ಪ್ರಸಂಗವು 2017ರ ಆರಂಭದಲ್ಲಿ ಸುದ್ದಿಯಾಯಿತು. ಸೆರೆಮನೆ ಕಟ್ಟುವ 'ಪ್ರಿಸನ್ ಆರ್ಕಿಟೆಕ್ಟ್' ಎಂಬ ಆಟದಲ್ಲಿ ಆಂಬುಲೆನ್ಸಿನ ಮೇಲೆ ಕೆಂಪು ಶಿಲುಬೆಯ ಚಿಹ್ನೆಯಿತ್ತು. ಬ್ರಿಟಿಷ್ ರೆಡ್ ಕ್ರಾಸ್ ಸಂಸ್ಥೆಯು ಆಕ್ಷೇಪಿಸಿದಾಗ ಅದರ ತಯಾರಕರು ಕೆಂಪನ್ನು ಹಸಿರು ಮಾಡಿದರು. ಈ ಚಿಹ್ನೆಯೂ ಕೇವಲ ಔಷಧಾಲಯದ ಗುರುತಲ್ಲ. ಯುದ್ಧದಲ್ಲಿ ಗಾಯಗೊಂಡವರನ್ನೂ ಅವರ ಶುಶ್ರೂಷೆ ಮಾಡುವವರನ್ನೂ ಗುಂಡಿನಿಂದ ಕಾಯಲು ಜಿನೀವಾ ಒಪ್ಪಂದಗಳು ಕೊಟ್ಟ ರಕ್ಷಾಚಿಹ್ನೆ.

ಈಗ ಮುಖ್ಯವಾದ ಮಾತಿಗೆ ಬರೋಣ. ಹೆಸರು ಕಳೆದುಕೊಂಡ ಆಟಕ್ಕೆ ಏನಾಯಿತು? ಹಳೆಯ ನಿರ್ಣಯಗಳೆಲ್ಲ ಇತಿಹಾಸಕ್ಕೆ ಸೇರಿದವು. ಆಟಗಾರರು ಬರಿಯ ಹಾಳೆಯಿಂದ ತಮ್ಮ ಶಾಸನವನ್ನು ಮತ್ತೆ ಬರೆಯತೊಡಗಿದರು. ಕರಡು ಸಿದ್ಧಪಡಿಸುವುದು, ಎದುರಾಳಿಯ ವಾದಕ್ಕೆ ಉತ್ತರ ಹುಡುಕುವುದು, ಬೆಂಬಲ ಕೇಳುವುದು, ಸೋತರೆ ತಿದ್ದಿ ಮತ್ತೆ ಮಂಡಿಸುವುದು, ಇವೆಲ್ಲ ಹೊಸ ಹೆಸರಿನಲ್ಲೂ ಹಿಂದಿನಂತೆಯೇ ನಡೆದವು. 2009ರಲ್ಲಿ ಆ ಸಭೆಯೊಳಗೆ ಭದ್ರತಾ ಮಂಡಲಿಯೂ ಹುಟ್ಟಿತು. ಆಟದ ಜೀವ ಎರವಲು ತಂದ ಹೆಸರಿನಲ್ಲಿರಲಿಲ್ಲ, ಆಡುವವರ ಚರ್ಚೆಯಲ್ಲಿತ್ತು. ವಿಶ್ವಸಂಸ್ಥೆಯ ಪಾಲಿಗೂ ಇದೇ ಸತ್ಯ. ಕಾನೂನು ಅದರ ಹೆಸರನ್ನು ಕಳ್ಳರಿಂದ ಕಾಯಬಲ್ಲುದು. ಆ ಹೆಸರಿಗೆ ಗೌರವ ತರುವುದು ಮಾತ್ರ ಕಾನೂನಿನಿಂದ ಆಗದು. ಅದು ಸದಸ್ಯರಾಷ್ಟ್ರಗಳ ನಡತೆಯಿಂದಲೇ ಆಗಬೇಕು.

ಶಾಲೆಗಳಲ್ಲಿ ಅಣಕು ಸಂಸತ್ತು, ಅಣಕು ಮಹಾಸಭೆಗಳನ್ನು ನಡೆಸುವ ಪದ್ಧತಿಯಿದೆ. ಅದು ಒಳ್ಳೆಯ ಪದ್ಧತಿ. ಮೇಲೆ ಹೇಳಿದ 1950ರ ಕಾಯಿದೆ ತಡೆಯುವುದು ವ್ಯಾಪಾರ, ವೃತ್ತಿಗಳಲ್ಲಿನ ಬಳಕೆಯನ್ನು. ಪಾಠಕ್ಕಾಗಿ ಹಲಗೆಯ ಮೇಲೆ ವಿಶ್ವಸಂಸ್ಥೆಯ ಲಾಂಛನವನ್ನು ಬರೆದು ವಿವರಿಸಲು ವಿದ್ಯಾರ್ಥಿಗಳು ಅಂಜಬೇಕಾಗಿಲ್ಲ. ಆದರೆ ಆಮಂತ್ರಣಪತ್ರಿಕೆಯ ಮೇಲೆ, ಚಂದಾ ರಶೀದಿಯ ಮೇಲೆ ಅದನ್ನು ಅಚ್ಚು ಹಾಕಿಸುವ ಮೊದಲು ಯೋಚಿಸಬೇಕು. ಮುಂದಿನ ಅಕ್ಟೋಬರ್ 24ರಂದು ನಮ್ಮ ಶಾಲೆಯಲ್ಲಿ ಇಂತಹ ಸಭೆ ಸೇರುವುದಾದರೆ, ಅದಕ್ಕೊಂದು ಸ್ವಂತ ಹೆಸರನ್ನು ವಿದ್ಯಾರ್ಥಿಗಳೇ ಸೂಚಿಸಲಿ. ಲಾಂಛನವನ್ನು ಚಿತ್ರಕಲೆಯ ತರಗತಿಯಲ್ಲಿ ಬರೆಯೋಣ. ನಿರ್ಣಯಗಳನ್ನು ಬರೆಯಲು ನಾವು ಕನ್ನಡ ಅಧ್ಯಾಪಕರು ನೆರವಾಗುತ್ತೇವೆ.